ಬಾನೆಟ್ಟಿನ ಕೆಳಗಿನ ಗಂಟು

ನಾನು ಬ್ಯಾಡಗಿಯವಳು. ಮೆಣಸಿನಕಾಯಿಯ ಘಾಟು ನನ್ನ ಮೂಗಿಗೆ ಗೊತ್ತೇ ಆಗುವುದಿಲ್ಲ. ತವರಿನ ಅಂಗಳದಲ್ಲಿ, ಶಾಲೆಯ ದಾರಿಯಲ್ಲಿ, ಮಲಗುವ ಕೋಣೆಯ ಮೂಲೆಯಲ್ಲಿ ಅದೇ ಗಾಳಿ ಕುಡಿದು ಬೆಳೆದಿದ್ದೇನೆ. ಬಂದ ನೆಂಟರು ಬಸ್ಸಿಳಿದ ಕೂಡಲೇ ಮೂಗಿಗೆ ಸೆರಗು ಹಿಡಿದರೆ ನಾವು ಮುಸಿಮುಸಿ ನಗುತ್ತಿದ್ದೆವು. ಅಷ್ಟು ಜಂಬ ನಮಗೆ.

ಮದುವೆಯಾಗಿ ರಾಣೆಬೆನ್ನೂರಿಗೆ ಬಂದೆ. ಕೆಲಸ ಹಾವೇರಿಯ ಒಂದು ಕಚೇರಿಯಲ್ಲಿ. ಹೋದ ವರ್ಷ ಮಗಳನ್ನೂ ಹಾವೇರಿಯ ಶಾಲೆಗೇ ಸೇರಿಸಿದೆ. ಅವಳಿಗೆ ಒಂಬತ್ತು ವರ್ಷ. ಗೆಳತಿಯರನ್ನು ಬಿಟ್ಟು ಹೋಗುವುದಿಲ್ಲವೆಂದು ವಾರಗಟ್ಟಲೆ ಅತ್ತಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಿಗ್ಗೆ ನನ್ನ ಜೊತೆ ನಮ್ಮ ಸೆಕೆಂಡ್ ಹ್ಯಾಂಡ್ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಬರುವುದು, ಸಂಜೆ ನಮ್ಮ ಓಣಿಯ ಟೀಚರ್ ಜೊತೆ ಬಸ್ಸಿನಲ್ಲಿ ಮನೆಗೆ ಹೋಗುವುದು. ಹೀಗೆ ಏರ್ಪಾಡಾಯಿತು.

ದೀಪಾವಳಿ ಕಳೆದ ಮೇಲೆ ಎರಡು ಕಾಟ ಒಟ್ಟಿಗೆ ಶುರುವಾದವು. ಕಾರಿನ ಎ.ಸಿ. ಹಾಕಿದರೆ ಕಟಕಟ ಸದ್ದು. ಮಗಳಿಗೆ ಕೆಮ್ಮು. ಹೆದ್ದಾರಿಯ ಲಾರಿ ಧೂಳಿಗೆ ಕಿಟಕಿ ತೆರೆಯುವಂತಿರಲಿಲ್ಲ, ಹಾಗಾಗಿ ಸದ್ದನ್ನೂ ಕೆಮ್ಮನ್ನೂ ದಿನವೂ ದಾರಿಯುದ್ದಕ್ಕೂ ಕೇಳಬೇಕಿತ್ತು.

ಡಾಕ್ಟರ್ ಎದೆ ಪರೀಕ್ಷಿಸಿ ಏನೂ ಇಲ್ಲ ಅಂದರು. ಭಾನುವಾರ ಕೆಮ್ಮಿಲ್ಲ, ಸಂಜೆ ಕೆಮ್ಮಿಲ್ಲ, ಶಾಲೆಗೆ ಹೊರಟಾಗ ಮಾತ್ರ ಕೆಮ್ಮು. ಇದು ಶಾಲೆ ತಪ್ಪಿಸುವ ನೆವ ಎನ್ನಲು ನನಗೆ ಇನ್ನೇನು ಬೇಕು? ಒಂದು ದಿನ ಹಾವೇರಿ ಹತ್ತಿರ ಬರುವಾಗ ಕೆಮ್ಮಿ ಕೆಮ್ಮಿ ಅವಳ ಕಣ್ಣಲ್ಲಿ ನೀರು ಬಂತು. ನಾನು ಕಾರು ಪಕ್ಕಕ್ಕೆ ನಿಲ್ಲಿಸಿ ಕೂಗಾಡಿದೆ.

"ಸಾಕ ಮಾಡು ನಿನ್ನ ನಾಟಕ! ಕೆಮ್ಮಿದ್ರ ಸಾಲಿ ಬಿಡಸ್ತೇನಿ ಅಂತ ತಿಳ್ಕೊಂಡೀಯೇನ?"

ಮರುದಿನದಿಂದ ಅವಳು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಕೂರತೊಡಗಿದಳು. ಕೆಮ್ಮಿನ ಸದ್ದು ಅಡಗಿತು. ನೋಡಿ, ಒಂದು ಸಲ ಜೋರು ಮಾಡಿದ್ದಕ್ಕೇ ದಾರಿಗೆ ಬಂದಳು ಎಂದು ಗಂಡನ ಮುಂದೆ ಬೀಗಿದೆ. ಆ ಮಾತು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕಾರಿನ ಸದ್ದು ಮಾತ್ರ ಬೈಗುಳಕ್ಕೆ ಅಡಗಲಿಲ್ಲ. ಹಾವೇರಿಯ ಒಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿ, ಕಂಪ್ರೆಸರಿನ ಬೇರಿಂಗ್ ಹೋಗಿದೆ ಅಂದ. ಬೇರಿಂಗ್ ಬದಲಾಯಿಸಿದ ಮೇಲೂ ಸದ್ದು ಹಾಗೆಯೇ ಇತ್ತು. ಕೊನೆಗೆ ಒಂದು ಭಾನುವಾರ ಮಗಳನ್ನೂ ಕೂರಿಸಿಕೊಂಡು ರಾಣೆಬೆನ್ನೂರಿನ ಸ್ಟೇಷನ್ ಕಡೆಯ ಗ್ಯಾರೇಜಿಗೆ ಹೋದೆ. ಅಲ್ಲಿಯ ಹಿರಿಯ ಮೇಸ್ತ್ರಿಯನ್ನು ಎಲ್ಲರೂ ಚಾಚಾ ಅನ್ನುತ್ತಾರೆ. ಅವರು ಬಾನೆಟ್ ಮುಟ್ಟಲೇ ಇಲ್ಲ. ಎಂಜಿನ್ ಬಂದ್ ಮಾಡಿ, ಬರೀ ಕೀಲಿ ತಿರುಗಿಸಿ, ಒಳಗಿನ ಫ್ಯಾನ್ ಹಾಕಿದರು. ಅದೇ ಕಟಕಟ. ಫ್ಯಾನಿನ ವೇಗ ಹೆಚ್ಚಿಸಿದರು, ಸದ್ದೂ ಹೆಚ್ಚಿತು.

"ಎಂಜಿನ್ನ ಬಂದ್ ಐತ್ರಿ ಅಕ್ಕಾರ. ಕಂಪ್ರೆಸರ್ ತಿರಗವಲ್ದು. ಆದ್ರೂ ಸಪ್ಪಳ ಬರಾಕತ್ತೇತಿ ಅಂದ್ರ ಫ್ಯಾನಿನ್ಯಾಗ ಏನೋ ಸಿಕ್ಕೇತಿ."

ಮಗಳು ಕೂರುವ ಸೀಟಿನ ಮುಂದಿನ ಡಬ್ಬಿಯನ್ನು ಕಳಚಿ, ಅದರ ಹಿಂದಿದ್ದ ಫ್ಯಾನನ್ನು ಹೊರಗೆಳೆದರು. ಎಳೆದವರೇ ನಾಲ್ಕು ಸಲ ಸೀನಿದರು. ಫ್ಯಾನಿನ ರೆಕ್ಕೆಗಳ ನಡುವೆ ಮೆಣಸಿನಕಾಯಿ ತೊಟ್ಟು, ಬೀಜ, ಕೆಂಪು ಸಿಪ್ಪೆಯ ಚೂರು. ಜೊತೆಗೆ ಹಳದಿ ಹೂವಿನ ಬಟ್ಟೆಯ ಒಂದು ತುಂಡು.

ಆ ಬಟ್ಟೆಯ ಗುರುತು ನನಗೆ ಸಿಕ್ಕಿತು. ಮಳೆಗಾಲದಲ್ಲಿ ಇಲಿಗಳು ಕಾರಿನ ವೈರು ಕಡಿದಿದ್ದವು. ಒಣ ಮೆಣಸಿನಕಾಯಿ ಗಂಟು ಕಟ್ಟಿ ಇಟ್ಟರೆ ಇಲಿ ಹತ್ತಿರ ಸುಳಿಯುವುದಿಲ್ಲ ಎಂದು ಅವ್ವ ಫೋನಿನಲ್ಲಿ ಹೇಳಿದ್ದಳು. ತವರಿನ ಕಾಯನ್ನೇ ಮಗಳ ಹಳೆಯ ಫ್ರಾಕಿನ ತುಂಡಿನಲ್ಲಿ ಕಟ್ಟಿ, ಬಾನೆಟ್ಟಿನ ಕೆಳಗೆ ಮುಂದಿನ ಗಾಜಿನ ಬುಡದಲ್ಲಿ ಇಟ್ಟು ಮರೆತಿದ್ದೆ. ಕಾರಿನೊಳಗೆ ಗಾಳಿ ಹೋಗುವ ದಾರಿ ಅದೇ ಎಂದು ನನಗೇನು ಗೊತ್ತು! ಬಿಸಿಲಿಗೂ ನೀರಿಗೂ ಬಟ್ಟೆ ಜೀರ್ಣವಾಗಿ ಕಾಯಿ ಒಳಗೆ ಉದುರಿತ್ತು.

"ಗಾಳಿ ಸೋಸೋ ಫಿಲ್ಟರ್ರೂ ಇಲ್ಲ ಇದ್ರಾಗ. ಪುಡಿ ಎಲ್ಲಾ ಸೀದಾ ಮಾರಿಗೆ ಬಡದೇತಿ. ಯಾರ್ ಇಟ್ಟಾರ್ರಿ ಇದನ್ನ?"

"ಗೊತ್ತಿಲ್ರಿ ಚಾಚಾ. ಮೊದಲಿನ ಮಾಲಕರು ಇಟ್ಟಿರಬೇಕು," ಅಂದುಬಿಟ್ಟೆ.

ಮಗಳು ಆ ಬಟ್ಟೆಯ ತುಂಡನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅದು ಅವಳು ಹುಟ್ಟುಹಬ್ಬಕ್ಕೆ ಹಾಕಿಕೊಂಡಿದ್ದ ಫ್ರಾಕು.

ಚಾಚಾ ಅವಳ ಕಡೆ ತಿರುಗಿದರು. "ದಿನಾ ಇಲ್ಲೇ ಕುಂದರತೀಯೇನ ಬೇಟಿ? ಕೆಮ್ಮ ಬರತಿತ್ತೇನ?"

ಅವಳು ಉತ್ತರ ಕೊಡುವ ಮೊದಲು ನನ್ನ ಮುಖ ನೋಡಿದಳು.

"ಇಲ್ರಿ," ಅಂದಳು.

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಚಾಚಾ ಫ್ಯಾನ್ ತೊಳೆದು, ಹೊಸ ಫಿಲ್ಟರ್ ಕೂರಿಸಿ, ಎಲ್ಲ ಜೋಡಿಸಿದರು. ಸದ್ದು ಪೂರ್ತಿ ನಿಂತುಹೋಯಿತು.

ಮನೆಗೆ ಬಂದು ಅವಳ ಮುಂದೆ ಕುಳಿತೆ. "ಆ ಗಂಟ ಇಟ್ಟಾಕಿ ನಾನ. ನಿನ್ನ ಕೆಮ್ಮ ಖರೇನ ಇತ್ತು. ಸುಮ್ಮಸುಮ್ಮನ ಬೈದೆ. ತಪ್ಪಾತು," ಅಂದೆ. ಹೇಳುವಾಗ ಅಳು ತಡೆಯಲಾಗಲಿಲ್ಲ. ಅವಳು "ಹೂಂ" ಅಂದು ಚಿತ್ರಕ್ಕೆ ಬಣ್ಣ ತುಂಬುವುದನ್ನು ಮುಂದುವರಿಸಿದಳು. ಮಕ್ಕಳು ಬೇಗ ಮರೆಯುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಸೋಮವಾರ ಬೆಳಿಗ್ಗೆ ಕಾರು ತಣ್ಣಗಿತ್ತು. ಸದ್ದಿಲ್ಲ, ಘಾಟಿಲ್ಲ. ಆದರೂ ಅವಳ ಕೈಯಲ್ಲಿ ಕರವಸ್ತ್ರ ಇತ್ತು. ಊರು ದಾಟಿದ ಮೇಲೆ, ಗಂಟಲು ಕೆರೆಯಿತೋ ಏನೋ, ಸಣ್ಣದೊಂದು ಕೆಮ್ಮು ಬಂತು. ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು.

"ಅವ್ವಾ, ನಾಟಕ ಅಲ್ಲ," ಅಂದಳು. "ಇದೂ ಖರೇನ ಬಂತು."