ಅತ್ತೆ ಮಾಡಿದ ಮಿರ್ಚಿ

ನನ್ನ ಅಣ್ಣನ ಮಗಳಿಗೆ ಆಗ ಏಳು ವರ್ಷ. ಮನೆಯ ಯಾವ ವಸ್ತುವನ್ನೂ ಅವಳು ಸುಮ್ಮನೆ ಬಳಸುತ್ತಿರಲಿಲ್ಲ, ಮೊದಲು ಅದನ್ನು ಜಗತ್ತಿಗೆ ಪರಿಚಯಿಸುತ್ತಿದ್ದಳು. ಬೆಳಿಗ್ಗೆ ಬಚ್ಚಲಿನಿಂದ "ಹಾಯ್ ಫ್ರೆಂಡ್ಸ್, ಇವತ್ತು ಈ ಬ್ರಷ್ಷು ಹೆಂಗೈತೆ ನೋಡಾಣ" ಎಂಬ ದನಿ ಬರುತ್ತಿತ್ತು. ಸಾರಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಬೀಳುತ್ತಿತ್ತು. ನನ್ನ ಅಮ್ಮ ಬಡಿದ ರೊಟ್ಟಿಯನ್ನು ಎತ್ತಿ ಹಿಡಿದು "ರುಚಿ ಐತೆ, ಆದ್ರೆ ಶೇಪ್ ಸರಿ ಇಲ್ಲ" ಎಂದು ತೀರ್ಪು ಕೊಟ್ಟ ದಿನ ಅಮ್ಮ ಸೌಟು ತೋರಿಸಿದ್ದಳು. ಇದೆಲ್ಲ ಮೊಬೈಲಿನ ಪ್ರಸಾದ. ಅದರಲ್ಲಿ ಇವಳದೇ ವಯಸ್ಸಿನ ಮಕ್ಕಳು ಆಟಿಕೆಯ ಡಬ್ಬ ಬಿಚ್ಚುವುದು, ಒಳಗಿದ್ದುದನ್ನು ಕಂಡು ಕಿರುಚುವುದು, ಇವಳು ಅದನ್ನು ನೋಡುತ್ತ ಅನ್ನ ನುಂಗುವುದು.

ಹೀಗೆ ನೋಡಿ ನೋಡಿ ಒಂದು ಅಡುಗೆಮನೆ ಸೆಟ್ಟಿನ ಮೇಲೆ ಅವಳ ಕಣ್ಣು ಬಿತ್ತು. ಪುಟ್ಟ ಒಲೆ, ಪುಟ್ಟ ಮಿಕ್ಸಿ, ನಲ್ಲಿ ತಿರುಗಿಸಿದರೆ ನೀರು. ವೀಡಿಯೊದಲ್ಲಿ ಎರಡು ಜುಟ್ಟಿನ ಹುಡುಗಿಯೊಬ್ಬಳು ಅದನ್ನು ತಬ್ಬಿಕೊಂಡು "ನನ್ನ ಲೈಫಲ್ಲೇ ಬೆಸ್ಟ್" ಎನ್ನುತ್ತಿದ್ದಳು. ನಮ್ಮವಳು ಊಟ ಬಿಟ್ಟಳು.

ನಾನು ಪಿಯು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವಳು. ಗ್ರಾಹಕರ ಹಕ್ಕುಗಳ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ, ಕೊನೆಯ ಬೆಂಚು ಪ್ರತಿ ವರ್ಷ ನಿದ್ದೆ ಮಾಡುತ್ತದೆ. ಕೇಳುವ ಕಿವಿ ಮನೆಯಲ್ಲೇ ಸಿಕ್ಕಾಗ ಬಿಡಲಾದೀತೇ? ಹತ್ತಿರ ಕೂರಿಸಿಕೊಂಡು ಹೇಳಿದೆ: "ನೋಡು ಪುಟ್ಟಿ, ಆ ಹುಡುಗಿಗೆ ಕಂಪನಿಯೋರು ಏನೋ ಕೊಟ್ಟಿರ್ತಾರೆ, ಅದಕ್ಕೆ ಚಲೋ ಐತೆ ಅಂತಾಳೆ. ಹಂಗೆ ತಗಂಡು ಹೇಳೋರು ಮೊದ್ಲೇ ಹೇಳ್ಬಿಡಬೇಕು, ಇದು ಪೇಯ್ಡ್ ಪ್ರಮೋಷನ್ ಅಂತ. ಹೇಳ್ದೆ ಇದ್ರೆ ಅದು ಮೋಸ." ಅವಳು ಬಾಯಿ ತೆರೆದು ಕೇಳಿದಳು. ನನ್ನ ಅಧ್ಯಾಪನ ವೃತ್ತಿಯಲ್ಲಿ ಅಷ್ಟು ಚೆನ್ನಾಗಿ ತಲೆಗೆ ಹೋದ ಪಾಠ ಇನ್ನೊಂದಿಲ್ಲ ಎಂಬುದು ಮುಂದಿನ ಭಾನುವಾರ ಗೊತ್ತಾಯಿತು.

ಆ ಭಾನುವಾರ ನನ್ನನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ಬರುವವರಿದ್ದರು. ಅಷ್ಟು ಹೊತ್ತಿಗೆ ನನ್ನನ್ನು ನೋಡಿ ಹೋದವರ ಪೈಕಿ ಒಬ್ಬರು ಬಣ್ಣ ಕಡಿಮೆ ಎಂದಿದ್ದರು, ಒಬ್ಬರು ಓದು ಜಾಸ್ತಿ ಎಂದಿದ್ದರು. ಹಾಗಾಗಿ ಅಮ್ಮ ಪ್ರತಿ ಸಲವೂ ನನ್ನ ಜಾಹೀರಾತನ್ನು ಒಂದಿಷ್ಟು ತಿದ್ದುತ್ತಿದ್ದಳು. ಆ ಸಲದ ಆವೃತ್ತಿಯಲ್ಲಿ ನಾನು ಅಡುಗೆಯಲ್ಲಿ ಎತ್ತಿದ ಕೈ. ನಮ್ಮ ದಾವಣಗೆರೆಯಲ್ಲಿ ಬಂದವರ ಮುಂದೆ ಮಂಡಕ್ಕಿ, ಮಿರ್ಚಿ ಇಡದೆ ಮಾತು ಶುರುವಾಗುವುದಿಲ್ಲ. ಮಂಡಕ್ಕಿ ಕಲಸುವುದು ನನಗೂ ಬರುತ್ತದೆ. ಮಿರ್ಚಿ ಮಾತ್ರ ನಾನು ಕರಿದರೆ ಹಿಟ್ಟೊಂದು ಕಡೆ, ಮೆಣಸಿನಕಾಯಿ ಒಂದು ಕಡೆ. ಶಾಮನೂರಿನ ನಮ್ಮ ಬಡಾವಣೆಯ ಮೂಲೆಯಲ್ಲಿ ನಿಲ್ಲುವ ಗಾಡಿಯಿಂದ ಅಣ್ಣ ಬಿಸಿಬಿಸಿ ಕಟ್ಟಿಸಿಕೊಂಡು ಹಿತ್ತಿಲ ಬಾಗಿಲಿನಿಂದ ತಂದ. ನಾನು ಎಣ್ಣೆಯ ಬಾಂಡಲಿಯನ್ನು ಒಲೆಯ ಮೇಲೆ ಸುಮ್ಮನೆ ಕಾಯಿಸುತ್ತಿದ್ದೆ, ವಾಸನೆಗೆ.

ಅವರು ಬಂದರು. ಹುಡುಗನದು ಹರಿಹರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ನಮ್ಮ ಸೋಫಾದಲ್ಲಿ ಸ್ಪ್ರಿಂಗು ಎದ್ದಿರುವ ಒಂದು ಮೂಲೆಯಿದೆ, ಕುಳಿತವರೆಲ್ಲ ಹಾರುತ್ತಾರೆ. ಅವನು ಅಲ್ಲೇ ಕುಳಿತ. ಒಮ್ಮೆ ಹುಬ್ಬು ಹಾರಿತು, ಅಷ್ಟೇ. ತಾಯಿಗೆ ಒಳ್ಳೆಯ ಕಡೆ ಜಾಗ ಬಿಟ್ಟು ತಾನು ಸ್ಪ್ರಿಂಗಿನ ಮೇಲೆಯೇ ಉಳಿದ. ಅಡುಗೆಮನೆಯ ಬಾಗಿಲ ಸಂದಿಯಿಂದ ಇದನ್ನು ಕಂಡೆ, ಕಂಡ ಕೂಡಲೇ ಈ ಸಂಬಂಧ ಕುದುರಲಿ ಎಂದು ಮನಸಾರೆ ಬಯಸಿದೆ. ಅದಕ್ಕೆ ಮೊದಲು ಯಾರ ವಿಷಯದಲ್ಲೂ ಹಾಗೆ ಬಯಸಿರಲಿಲ್ಲ.

ತಟ್ಟೆ ತಂದಿಟ್ಟು ಕುಳಿತೆ. ಹುಡುಗನ ತಾಯಿ ಮಿರ್ಚಿ ಕಚ್ಚಿ ಕಣ್ಣರಳಿಸಿದರು. "ಯಾರ್ ಮಾಡಿದ್ರೀ ಇವನ್ನ?"

ಅಮ್ಮ ಇದಕ್ಕೇ ಕಾದಿದ್ದಳು. ತನ್ನ ಬಾಯಿಂದ ಹೇಳಿದರೆ ಬಡಾಯಿ ಎನಿಸೀತು, ಮಗುವಿನ ಬಾಯಿಂದ ಬಂದರೆ ನಂಬುತ್ತಾರೆ ಎಂಬುದು ಅವಳ ಲೆಕ್ಕಾಚಾರ. ಯಾವ ಜಾಹೀರಾತು ಕಂಪನಿಯಲ್ಲೂ ಕೆಲಸ ಮಾಡದ ಹೆಂಗಸು! ಮೊಮ್ಮಗಳ ಕಡೆ ತಿರುಗಿ, "ಹೇಳವ್ವ, ಯಾರ್ ಮಾಡಿದ್ದು?" ಎಂದಳು.

ಪುಟ್ಟಿ ಎದ್ದು ನಿಂತಳು. ಲಂಗ ಸರಿಮಾಡಿಕೊಂಡಳು. ಒಂದು ಮಿರ್ಚಿಯನ್ನು ಮುಖದ ಪಕ್ಕಕ್ಕೆ ಹಿಡಿದಳು.

"ಹಾಯ್ ಫ್ರೆಂಡ್ಸ್! ಈ ಮಿರ್ಚಿನ ನಮ್ಮತ್ತೆನೇ ಮಾಡಿದ್ದು. ಸೂಪರ್ ಟೇಸ್ಟ್! ಇದು ಪೇಯ್ಡ್ ಪ್ರಮೋಷನ್. ಹಿಂಗಂದ್ರೆ ಅಜ್ಜಿ ನಂಗೆ ಅಡಿಗೆಮನಿ ಸೆಟ್ ಕೊಡಿಸ್ತಾಳೆ."

ಅಣ್ಣ ಫ್ಯಾನಿನ ಕಡೆ ನೋಡಿದ. ಅಮ್ಮ ಮೊದಲು ಸಾವರಿಸಿಕೊಂಡು ನಕ್ಕಳು. "ಹುಡುಗ್ರು, ಬರೀ ಮೊಬೈಲ್ ನೋಡ್ತಾವೆ. ಸುಳ್ಳು ಹೇಳ್ತಾಳ್ರಿ ಇವಳು."

"ಸುಳ್ಳಲ್ಲ! ತಗಂಡು ಹೇಳೋರು ಮೊದ್ಲೇ ಹೇಳ್ಬಿಡಬೇಕು ಅಂತ ಅತ್ತೆನೇ ಹೇಳಿದಾಳೆ. ಹೌದಲ್ಲ ಅತ್ತೆ?"

ಎಲ್ಲರ ಕಣ್ಣು ನನ್ನ ಮೇಲೆ. ಸೆರಗಿನ ಕೆಳಗೆ ಅಮ್ಮ ನನ್ನ ತೊಡೆ ಚಿವುಟುತ್ತಿದ್ದಳು. 'ತಮಾಷೆ ಮಾಡ್ತಾಳೆ' ಎಂದು ನಾನೂ ನಕ್ಕುಬಿಟ್ಟರೆ ಮುಗಿಯುತ್ತಿತ್ತು, ಸ್ಪ್ರಿಂಗಿನ ಮೇಲೆ ಕುಳಿತವನು ನನ್ನವನಾಗುತ್ತಿದ್ದ. ಆದರೆ ಪುಟ್ಟಿ ಮಿರ್ಚಿ ಹಿಡಿದೇ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನಗೆ ಅಳು ಬಂದಷ್ಟೇ ಕೋಪವೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

"ಹೌದ್ರಿ," ಎಂದೆ. "ಮಿರ್ಚಿ ಮೂಲೆ ಗಾಡಿದು. ನಂಗೆ ಬರಾಕಿಲ್ಲ. ಮಂಡಕ್ಕಿ ನಾನೇ ಕಲಸಿದ್ದು, ಅದಕ್ಕೆ ಉಪ್ಪು ಕಡಿಮೆ ಐತೆ."

ಹುಡುಗ ತಲೆ ತಗ್ಗಿಸಿದ. ಅವನ ಹೆಗಲು ಕುಲುಕುತ್ತಿತ್ತು, ನಗುವೋ ಸ್ಪ್ರಿಂಗೋ ಗೊತ್ತಾಗಲಿಲ್ಲ. ಅವನ ತಾಯಿ ಮಾತ್ರ ನಗದೆ ಕೈ ತೊಳೆದುಕೊಂಡು, "ತಿಳಿಸ್ತೀವ್ರಿ" ಎಂದು ಎದ್ದರು. ಹೆಣ್ಣು ಹೆತ್ತ ಮನೆಯಲ್ಲಿ ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಕಾರು ಹೋದ ಮೇಲೆ ಅಮ್ಮ ಅತ್ತಳು, ಮೊಮ್ಮಗಳಿಗೆ ಸೆಟ್ಟೂ ಇಲ್ಲ ಗಿಟ್ಟೂ ಇಲ್ಲ ಎಂದು ಘೋಷಿಸಿದಳು. "ನಿನ್ನ ಪಾಠಕ್ಕೆ ಬೆಂಕಿ ಬೀಳ," ಎಂದು ನನಗೂ ಸಿಕ್ಕಿತು. ನಾನು ಉಳಿದ ಮಿರ್ಚಿಯನ್ನೆಲ್ಲ ಒಬ್ಬಳೇ ತಿಂದೆ.

ಎರಡು ವಾರ ಸುದ್ದಿಯಿಲ್ಲ. ಆಮೇಲೆ ಒಂದು ದಿನ ಹರಿಹರದಿಂದ ಫೋನು. ಅಮ್ಮ ಸ್ಪೀಕರ್ ಹಾಕಿದಳು.

"ಮನೆ ನೋಡಾಕೆ ಯಾವಾಗ ಬರ್ತೀರಿ?" ಹುಡುಗನ ತಾಯಿಯ ದನಿ. "ನಮ್ಮ ಹುಡುಗ ಹಟ ಹಿಡಿದಾನೆ. ಆ ಸಣ್ಣ ಹುಡುಗಿನ ಮರೀದೆ ಕರಕೊಂಡ್ ಬರ್ರಿ. ಹಂಗೇ ಆ ಮಿರ್ಚಿ ತರೋದು ಮರೀಬ್ಯಾಡ್ರಿ."

ಹರಿಹರದ ಮನೆಯಲ್ಲಿ ನಮ್ಮ ಮುಂದೆ ಬೇಸನ್ ಉಂಡೆಯ ತಟ್ಟೆ ಬಂತು. ಪುಟ್ಟಿ ಒಂದನ್ನು ಎತ್ತಿ ಬಾಯಿ ತೆರೆಯುವುದರೊಳಗೆ ಆ ತಾಯಿ ಅವಸರದಿಂದ, "ಬೇಕರಿವು ಕಣವ್ವ, ನಾನೇನು ಮಾಡಿದ್ದಲ್ಲ, ಮೊದ್ಲೇ ಹೇಳ್ಬಿಟ್ಟೀನಿ" ಎಂದರು. ಆಗ ನಕ್ಕ ನಗುವಿನಲ್ಲೇ ಮದುವೆ ನಿಶ್ಚಯವಾಯಿತು.

ಅಮ್ಮ ಹಿಗ್ಗಿ, ವಾಪಸು ಬರುವಾಗ ದಾವಣಗೆರೆಯ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿ ಆ ಸೆಟ್ಟನ್ನು ಕೊಡಿಸಿಯೇ ಬಿಟ್ಟಳು. ಪುಟ್ಟಿ ಹಾಲ್‌ನಲ್ಲಿ ಕೂತು "ಹಾಯ್ ಫ್ರೆಂಡ್ಸ್" ಎನ್ನುತ್ತ ಡಬ್ಬ ಬಿಚ್ಚಿದಳು. ಮಿಕ್ಸಿ ಬರೀ ಸ್ಟಿಕ್ಕರು. ನಲ್ಲಿ ತಿರುಗುತ್ತದೆ, ನೀರು ಬರುವುದಿಲ್ಲ. ಒಲೆ ಅಂಗೈಯಷ್ಟು. ಅವಳು ಅಳಲಿಲ್ಲ, ಆದರೆ ಫ್ರೆಂಡ್ಸ್ ಜೊತೆಗಿನ ಮಾತು ನಿಂತಿತು. ಖಾಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಬಾಯ್ತುಂಬ ನಗುತ್ತಿದ್ದ ಎರಡು ಜುಟ್ಟಿನ ಹುಡುಗಿಯ ಮುಖವನ್ನು ಬೆರಳಿನಿಂದ ಸವರಿದಳು.

"ಅತ್ತೆ, ಈ ಹುಡುಗಿಗೆ ಯಾರು ಏನು ಕೊಡಿಸ್ತೀನಿ ಅಂದಿದ್ರು?"

"ಗೊತ್ತಿಲ್ಲ ಪುಟ್ಟಿ."

"ಕೊಡಿಸಿದ್ರಾ?"