ರಾಗಿ ತಟ್ಟೆಯಲ್ಲಿ ಸ್ಪ್ಯಾನಿಷ್

ಮಧುಗಿರಿಯ ಖಾಸಗಿ ಶಾಲೆಯೊಂದರಲ್ಲಿ ನಾನು ಕನ್ನಡ ಮೇಡಂ. ಊರಿನ ಇನ್ನೊಂದು ಶಾಲೆಯವರು ಫ್ರೆಂಚ್ ಕಲಿಸುತ್ತೇವೆಂದು ಬೋರ್ಡು ಹಾಕಿದ್ದೇ ತಡ, ನಮ್ಮ ಕಾರ್ಯದರ್ಶಿಗಳಿಗೆ ಹೊಟ್ಟೆ ಉರಿದುಹೋಯಿತು. ಮರುವಾರವೇ ಮೂರನೇ ಕ್ಲಾಸಿನ ಕನ್ನಡದ ಪಿರಿಯಡ್ಡುಗಳನ್ನು ಕಿತ್ತು ಸ್ಪ್ಯಾನಿಷ್‌ಗೆ ಕೊಟ್ಟರು. ಕಲಿಸುವವರು ಯಾರು? ನಾನೇ.

"ನಂಗೇ ಬರಲ್ವಲ್ಲ ಸಾರ್," ಅಂದೆ.

"ಇಲ್ಲಿ ಯಾರಿಗ್ ಬರುತ್ತೆ ಮೇಡಂ? ತಪ್ಪು ಹಿಡಿಯೋರು ಯಾರು?" ಅಂದರು. ಈ ಪಾಂಡಿತ್ಯಕ್ಕೆ ಕೈಮುಗಿದು ಬಂದೆ.

ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಅಕ್ಷರ ಕಲಿಸಲು ಚೆಂಡು ಬೇಕಂತೆ, ಬಣ್ಣದ ಕಾರ್ಡು ಬೇಕಂತೆ, ಟೀಚರ್ ಕುಣಿಯಲೂ ಬೇಕಂತೆ. ನಲವತ್ತೆಂಟನೇ ವಯಸ್ಸಿನಲ್ಲಿ, ಮಂಡಿನೋವು ಇಟ್ಟುಕೊಂಡು ಕುಣಿದೆ. ಒಂದು ಮಗು ಚೆಂಡೆಸೆದು 'ಆ' ಅನ್ನಬೇಕು, ಹಿಡಿದವರು 'ಬೆ' ಅನ್ನಬೇಕು. ನಮ್ಮ ಮಕ್ಕಳು ಚೆಂಡು ಹಿಡಿದರು, ಅಕ್ಷರ ಬಿಟ್ಟರು. ಇಂಗ್ಲಿಷಿನ ಎನ್ ತಲೆಯ ಮೇಲೆ ಹುಳು ಮಲಗಿದಂಥ ಅಕ್ಷರ ಒಂದಿದೆ. ನಗು ಬರುತ್ತಿತ್ತೋ ಏನೋ, ಅದೊಂದು ಎಲ್ಲರಿಗೂ ಬಂತು. ಕೊನೆಯದು ತಟ್ಟೆಯಲ್ಲಿ ಮರಳು ಹರಡಿ ಬೆರಳಿನಿಂದ ಬರೆಯುವ ಆಟ. ಮರಳಿನಿಂದ ಯೂನಿಫಾರಂ ಕೊಳೆಯಾಗುತ್ತದೆಂದು ಕಾರ್ಯದರ್ಶಿಗಳು ಮನೆಯಿಂದ ರಾಗಿ ಕಳಿಸಿದರು.

ದೊಡ್ಡೇರಿ ಕಡೆಯ ಒಬ್ಬಳು ಹುಡುಗಿ ದಿನಾ ನನ್ನ ಹಿಂದೆ ಬೀಳುತ್ತಿದ್ದಳು. ಹೆಬ್ಬೆಟ್ಟು ಒತ್ತುವ ಅವಳ ಅಜ್ಜಿಗೆ ಸಾಯುವುದರೊಳಗೆ ತನ್ನ ಹೆಸರು ತಾನೇ ಬರೆಯುವ ಆಸೆ.

"ನಂಗೂ ಕನ್ನಡ ಸರ್ಯಾಗಿ ಬರ್ಯಾಕ್ ಬರಲ್ಲ ಮಿಸ್. ನೀವ್ ಯೋಳ್ಕೊಡಿ, ನಾನ್ ಅಜ್ಜಿಗ್ ಯೋಳ್ಕೊಡ್ತೀನಿ."

ಪೋಷಕರನ್ನು ಕರೆಸಿ ಮಕ್ಕಳ ಸ್ಪ್ಯಾನಿಷ್ ಪ್ರದರ್ಶನ ಮಾಡಿಸಬೇಕೆಂದು ಕಾರ್ಯದರ್ಶಿಗಳು ಹೇಳಿದ್ದರು; ಅದು ಮುಗಿಯಲಿ ಅಂದೆ. ವಾರಗಟ್ಟಲೆ ಅದನ್ನೇ ಅಂದೆ.

ಪ್ರದರ್ಶನದ ದಿನ ಪೋಷಕರ ಜೊತೆ ಆ ಅಜ್ಜಿಯೂ ಬಂದಳು. ಕಾಳು ಹರಡಿ ಅಕ್ಷರ ಬರೆಸುತ್ತಾರೆಂದು ಮೊಮ್ಮಗಳಿಂದ ಕೇಳಿ, ಅಕ್ಷರಾಭ್ಯಾಸದ ಶಾಸ್ತ್ರವೆಂದೇ ತಿಳಿದು, ಅರಿಶಿನದ ಕೊಂಬು, ಎಲೆ ಅಡಿಕೆ, ಬಾಳೆಹಣ್ಣು ತಂದಿದ್ದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟಳು.

"ಅಕ್ಕಿ ಅಲ್ವೇನವ್ವ ಆಕೋದು? ಓಗ್ಲಿ ಬುಡು, ರಾಗಿನೂ ಲಕ್ಷ್ಮೀನೇ," ಎನ್ನುತ್ತಾ ತಟ್ಟೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತೇಬಿಟ್ಟಳು. "ನನ್ನೆಸ್ರು ಬರ್ಸು ಮಗಾ."

ಹುಡುಗಿ ನನ್ನ ಮುಖ ನೋಡಿದಳು. ಕಾರ್ಯದರ್ಶಿಗಳು ಫೋಟೊಗೆ ಮೊಬೈಲ್ ಎತ್ತಿದ್ದರು. ಬಂದದ್ದನ್ನು ಬರೆಸೆಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ಅಜ್ಜಿಯ ಕೈ ಹಿಡಿದು, ಅರಿಶಿನದ ಕೊಂಬಿನಲ್ಲಿ, ಆ ಹುಳು ಹೊತ್ತ ಅಕ್ಷರ ಬರೆಸಿದಳು.

"ಇದು ನನ್ನೆಸ್ರಿನ ಅಕ್ಸರಾನಾ ಟೀಚ್ರಮ್ಮ?"

"ಹೂಂ," ಅಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ತಾಂಬೂಲವನ್ನು ನನ್ನ ಕೈಗಿಟ್ಟು, ತಡೆಯುವಷ್ಟರಲ್ಲಿ ಬಗ್ಗಿ ಕಾಲು ಮುಟ್ಟಿದಳು. ಕಾರ್ಯದರ್ಶಿಗಳನ್ನು ಇಷ್ಟೆಲ್ಲ ಆಡಿಕೊಂಡೆನಲ್ಲ, ಆ ಹೂಂ ಮಾತ್ರ ಅವರದಲ್ಲ. ನಾಚಿಕೆಯಿಂದ ಬಾಳೆಹಣ್ಣನ್ನು ಸ್ಟಾಫ್ ರೂಮಿನಲ್ಲೇ ಬಿಟ್ಟು ಬಂದೆ.

ಮಾರನೇ ದಿನ ಹುಡುಗಿ ಗೇಟಿನಲ್ಲೇ ಕಾಯುತ್ತಿದ್ದಳು. ಅಜ್ಜಿ ಆ ಅಕ್ಷರವನ್ನು ಇದ್ದಿಲಿನಲ್ಲಿ ಮನೆಯ ಗೋಡೆ ತುಂಬಾ ಬರೆದಿದ್ದಾಳಂತೆ.

"ಈಗ ಎರಡ್ನೇ ಅಕ್ಸರ ಕೇಳ್ತೈತೆ ಮಿಸ್," ಅಂದಳು.