ಕಾಲು ಟ್ಯಾಂಕಿನ ಮಾತು

ಮುನೆಪ್ಪ ಯಾವ ಮಾತನ್ನೂ ಎರಡು ಸಲ ಹೇಳುವವನಲ್ಲ. ಹೇಳುವ ಒಂದು ಸಲವೂ ಮೆಲ್ಲಗೆ. ಹಿಂದೂಪುರದ ಹುಣಸೆಹಣ್ಣಿನ ಮಾರ್ಕೆಟ್ಟಿನ ಹಿಂದೆ, ಬಾಡಿಗೆ ಕಾರು ನಿಲ್ಲುವ ಜಾಗಕ್ಕೆ ಅಂಟಿಕೊಂಡಂತೆ ಅವನ ರಿಪೇರಿ ಶೆಡ್ಡು. ಸೋಮಂದೇಪಲ್ಲಿ ಕಡೆಯ ಹಳ್ಳಿಯವನು. ಲಾರಿಗಳ ಕೆಳಗೆ ಮಲಗಿಯೇ ಕೆಲಸ ಕಲಿತವನು. ಬೋರ್ಡು ಇಲ್ಲ, ಬಿಲ್ಲು ಇಲ್ಲ, ಗ್ಯಾರಂಟಿ ಚೀಟಿ ಇಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೇಲೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಾನೆ. ರೋಗ ಎಲ್ಲಿದೆ ಅಂತ ಗೊತ್ತಾದ ಮೇಲೇನೇ ಬಿಚ್ಚುವುದು. ಬಿಚ್ಚಿದ ಹಳೇ ಸಾಮಾನನ್ನು ಪೇಪರಿನಲ್ಲಿ ಸುತ್ತಿ ಗಾಡಿಯವರ ಕೈಗೇ ಕೊಡುತ್ತಾನೆ. "ಹೊಸದು ಹಾಕಿವ್ನಿ ಅನ್ನಕ್ಕೆ ಇದೇ ಚೀಟಿ," ಅನ್ನುತ್ತಾನೆ.

ಮುನೆಪ್ಪ ಮೋಸ ಮಾಡುವುದಿಲ್ಲ ಅನ್ನುವ ಒಂದು ಹೆಸರಿನ ಮೇಲೆ ಅವನ ಮನೆ ನಡೆಯುತ್ತಿತ್ತು. ಆ ಹೆಸರನ್ನು ಕೆಡಿಸಿದವಳು ನಾನು. ಅದನ್ನು ಹೇಳಿಬಿಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹಳೆಯ ಬಿಳಿ ಕಾರು. ನಮ್ಮ ಯಜಮಾನರು ಕೊಂಡದ್ದು. ಅವರು ಹೋದ ಮೇಲೆ ಮಗ ನಟರಾಜ ಓಡಿಸುತ್ತಾನೆ. ಮಗಳು ಶಿವಲೀಲಾಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದೇವೆ. ಮಡಕಶಿರಾ ದಾಟಿ ಪಾವಗಡದ ಮೇಲೆ ಅಲ್ಲಿಗೆ ಹೋಗುವುದು. ಪಾವಗಡ ಕರ್ನಾಟಕ, ಅಲ್ಲಿ ಪೆಟ್ರೋಲು ನಮ್ಮ ಕಡೆಗಿಂತ ಅಗ್ಗ. ಹಾಗಾಗಿ ಹಿಂದೂಪುರದಲ್ಲಿ ಹಾಕಿಸುವುದೇ ಇಲ್ಲ ಅನ್ನುವುದು ನಮ್ಮ ಮನೆಯ ಪದ್ಧತಿ. ಮುಳ್ಳು ಕೆಂಪು ಗೀಟಿಗೆ ಬಿದ್ದರೂ ನಾನು, "ಆಂಧ್ರದಲ್ಲಿ ಯಾಕಪ್ಪ ಹಾಕ್ಸೋದು, ಪಾವಗಡ ಏನು ಓಡೋಯ್ತದಾ?" ಅನ್ನುತ್ತಿದ್ದೆ. ಊರಲ್ಲಿ ಓಡಾಡುವುದಕ್ಕೂ ಅಷ್ಟೇ, ತಳದಲ್ಲಿ ಉಳಿದದ್ದರಲ್ಲೇ. ಈ ಪದ್ಧತಿ ನಡೆಸಿಕೊಂಡು ಬಂದವಳು ನಾನೇ ಎಂದು ನನಗೆ ಸ್ವಲ್ಪ ಜಂಬವೂ ಇತ್ತು.

ಹೋದ ವರ್ಷ ಬೇಸಿಗೆಯಲ್ಲಿ ಹಿಂದಿನ ಸೀಟಿನ ಕೆಳಗಿಂದ ಕೀರಲು ದನಿ ಬರಲು ಶುರುವಾಯಿತು. ಕೀಲಿ ತಿರುಗಿಸಿದಾಗ ಮೊದಲು ಎರಡು ಕ್ಷಣ ಗುಂಯ್ ಅನ್ನುತ್ತಿದ್ದದ್ದು ಈಗ ದಾರಿಯುದ್ದಕ್ಕೂ ಕುಂಯ್ಯೋ ಅನ್ನುತ್ತಿತ್ತು. ಬಿಸಿಲೇರಿದರೆ ಗಾಡಿ ಮುಗ್ಗರಿಸಿ ನಿಲ್ಲುತ್ತಿತ್ತು. ಮುನೆಪ್ಪನ ಶೆಡ್ಡಿಗೆ ಒಯ್ದೆವು. ಅವನು ಸೀಟು ಎತ್ತಿ, ಅದರ ಕೆಳಗಿನ ಮುಚ್ಚಳ ಬಿಚ್ಚಿ, ಟ್ಯಾಂಕಿನೊಳಗಿಂದ ಇಂಜಿನ್ನಿಗೆ ಪೆಟ್ರೋಲು ತಳ್ಳುವ ಪಂಪು ಎಳೆದ. ಅದರ ತಲೆಯೆಲ್ಲ ಕರ್ರಗಾಗಿತ್ತು. ಹೊಸದರ ಡಬ್ಬಿಯನ್ನು ನನ್ನ ಮುಂದೆಯೇ ಬಿಚ್ಚಿ, ಆ ಪಂಪನ್ನು ಕೂರಿಸಿದ. ನಟರಾಜ ಹೊರಗೆ ಫೋನಿನಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾತಾಡುತ್ತಿದ್ದ. ಮುನೆಪ್ಪ ಹಳೇ ಪಂಪನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ತಗ್ಗಿದ ದನಿಯಲ್ಲಿ ಹೇಳಿದ:

"ದೊಡ್ಡಮ್ಮ, ಟ್ಯಾಂಕು ಯಾವತ್ತೂ ಕಾಲು ಭಾಗಕ್ಕಿಂತ ಕಮ್ಮಿ ಆಗ್ದಂಗೆ ನೋಡ್ಕಳಿ. ಈ ಪಂಪು ಪೆಟ್ರೋಲಲ್ಲಿ ಮುಳುಗಿದ್ರೇನೆ ತಣ್ಣಗಿರೋದು. ಬೋರಲ್ಲಿ ನೀರು ಇಳಿದೋದ್ರೆ ಮೋಟ್ರು ಸುಟ್ಟೋಗಲ್ವಾ, ಹಂಗೇ ಇದೂವೆ. ನಟರಾಜಪ್ಪಾರಿಗೆ ಹೇಳ್ಬುಡಿ."

"ಹೇಳ್ತೀನಿ ಕಣಪ್ಪ," ಅಂದೆ.

ಹೇಳಲಿಲ್ಲ. ಮರೆತೆ ಅಂದರೆ ಸುಳ್ಳಾಗುತ್ತದೆ. ಹೇಳಿದರೆ ಪಾವಗಡದ ಪದ್ಧತಿ ನಿಂತುಹೋಗುತ್ತದೆ. ಇಷ್ಟು ವರ್ಷ ನಾನು ಮಾಡಿಸಿದ್ದು ತಪ್ಪು ಅಂತ ಮಗನ ಮುಂದೆ ಒಪ್ಪಿಕೊಂಡ ಹಾಗಾಗುತ್ತದೆ. ಮೆಕ್ಯಾನಿಕ್ಕುಗಳು ಹೇಳುತ್ತಲೇ ಇರುತ್ತಾರೆ ಅಂದುಕೊಂಡು ಸುಮ್ಮನಾದೆ.

ಐದು ತಿಂಗಳಾದ ಮೇಲೆ ಕಲ್ಯಾಣದುರ್ಗದಲ್ಲಿ ಶಿವಲೀಲಾಳ ಮಗಳು, ನನ್ನ ಮೊಮ್ಮಗಳು ರಶ್ಮಿಯ ಸೀಮಂತ ಬಂತು. ಎಂದಿನ ಹಾಗೆ ತಳದ ಪೆಟ್ರೋಲಿನಲ್ಲೇ ಹೊರಟೆವು. ಮಡಕಶಿರಾ ದಾಟುವಾಗ ಸೀಟಿನ ಕೆಳಗೆ ಮತ್ತೆ ಅದೇ ಕೀರಲು ದನಿ. ನನಗೆ ಕೇಳಿಸಿತು. ಮಾತಾಡಲಿಲ್ಲ. ಪಾವಗಡದಲ್ಲಿ ಟ್ಯಾಂಕು ತುಂಬಿಸಿದೆವು. ಕಲ್ಯಾಣದುರ್ಗ ಇನ್ನೇನು ಬಂತು ಅನ್ನುವಾಗ ಗಾಡಿ ಸತ್ತುಹೋಯಿತು. ಹಗ್ಗ ಕಟ್ಟಿ ಎಳೆಸಿಕೊಂಡು ಊರೊಳಗೆ ಹೋದೆವು. ಮುತ್ತೈದೆಯರು ಆರತಿ ಎತ್ತಿ ಮುಗಿಸಿಯಾಗಿತ್ತು.

ಅಲ್ಲಿನ ಮೆಕ್ಯಾನಿಕ್ ಓಬುಳೇಶ್ ಪಂಪು ತೆಗೆದು ಮೂಸಿ ನೋಡಿದ. "ಟ್ಯಾಂಕು ಫುಲ್ಲಾಗೈತೆ. ಇಷ್ಟು ಪೆಟ್ರೋಲಲ್ಲಿ ಹೊಸ ಪಂಪು ಎಂಗೆ ಸುಡ್ತದೆ ಸಾರ್? ಯಾರೋ ಪಾತದ್ದು, ಹಳೇದು ಹಾಕವ್ರೆ," ಅಂದ. ಅದು ತುಂಬಿದ್ದು ಪಾವಗಡದಿಂದ ಈಚೆಗಷ್ಟೇ ಎಂದು ಅವನಿಗೆ ಯಾರೂ ಹೇಳಲಿಲ್ಲ. ಅಳಿಯ ರೇಣುಕಾಪ್ರಸಾದ್ ಬಂದ ನೆಂಟರ ಎದುರಿಗೇ, "ಹುಣಸೆಹಣ್ಣು ಮಾತ್ರ ಹಿಂಡಿ ನೋಡಿ ತಗಂತೀರಾ ಭಾವ, ಪಂಪು ನೋಡಲ್ವಾ?" ಅಂತ ನಕ್ಕ. ನಟರಾಜನ ಮುಖ ಕೆಂಪಾಯಿತು.

ಓಬುಳೇಶ್ ಹಾಕಿದ ಬೇರೆ ಪಂಪಿನ ಮೇಲೆ ಹಿಂದೂಪುರಕ್ಕೆ ಬಂದೆವು. ನಟರಾಜ ಮನೆಗೆ ಹೋಗಲಿಲ್ಲ, ನೇರವಾಗಿ ಮುನೆಪ್ಪನ ಶೆಡ್ಡಿಗೆ ತಿರುಗಿಸಿದ. ಬಾಡಿಗೆ ಕಾರಿನ ಡ್ರೈವರುಗಳು ಅಲ್ಲೇ ನಿಂತು ಟೀ ಕುಡಿಯುತ್ತಿದ್ದರು. ಮುನೆಪ್ಪನ ಹತ್ತಿರ ರಿಪೇರಿಗೆ ಬರುವ ನಾಲ್ಕು ಸ್ಕೂಲ್ ವ್ಯಾನುಗಳ ಉಸ್ತುವಾರಿ ಮೇಸ್ತ್ರಿಯೂ ಇದ್ದ. ನಟರಾಜ ಸುಟ್ಟ ಪಂಪನ್ನು ಬೆಂಚಿನ ಮೇಲೆ ಎಸೆದ.

"ಏನ್ಲಾ ಮುನೆಪ್ಪ, ಹಳೇ ಪಂಪಿಗೆ ಹೊಸ ಡಬ್ಬಿ ತೊಡಿಸಿ ಕೊಟ್ಟಿದ್ದೀಯಾ?"

ಮುನೆಪ್ಪ ಪಂಪನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. "ಇದು ಒಣಗಿ ಓಡಿ ಸುಟ್ಟಿರೋದು ಸಾಮಿ. ಕಾಲು ಟ್ಯಾಂಕು ಇಟ್ಕಳಿ ಅಂತ ಹೇಳಿದ್ನಲ್ಲ."

"ಯಾರಿಗೆ ಹೇಳ್ದೆ? ನಂಗೆ ಹೇಳ್ದ್ಯಾ?"

ಮುನೆಪ್ಪ ಕಾರಿನ ಕಿಟಕಿಯ ಹತ್ತಿರ ಬಂದ. ನಾನು ಒಳಗೆ ಕೂತಿದ್ದೆ. "ದೊಡ್ಡಮ್ಮ, ನಿಮಗೆ ಹೇಳಿದ್ದೆ ಅಲ್ವಾ?"

ಎಲ್ಲರೂ ನನ್ನ ಕಡೆ ನೋಡಿದರು. ಹೌದು ಅನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಸೆರಗು ಸರಿಮಾಡಿಕೊಂಡು, "ನೆನಪಿಲ್ಲ ಕಣಪ್ಪ," ಅಂದೆ.

ಅವನು ನನ್ನ ಮುಖ ನೋಡಿದ. ಗೊತ್ತಾಯಿತು ಅವನಿಗೆ. ಆದರೂ ಅಂದದ್ದು ಇಷ್ಟೇ: "ಇರ್ಲಿ ಬುಡಿ, ವಯಸ್ಸಾಗೈತೆ, ಮರ್ತಿರ್ತೀರಾ." ಆಮೇಲೆ ಬೆಂಚಿಗೆ ಹೋಗಿ ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತ. ಅವನು ನನ್ನನ್ನು ಬೈದಿದ್ದರೆ ಮನೆಗೆ ಹೋಗಿ ಉಂಡು ಮಲಗುತ್ತಿದ್ದೆನೇನೋ. ಸುಳ್ಳಿ ಅನ್ನಿಸಿಕೊಳ್ಳಬೇಕಾದವಳಿಗೆ ಮರೆವಿನ ಮುದುಕಿ ಅಂತ ಮರ್ಯಾದೆ ಉಳಿಸಿದ್ದ.

ಮುಂದಿನ ವಾರ ತರಕಾರಿ ತರಲು ಹೋದಾಗ ಹಿಂದೆ ಯಾರೋ ತೆಲುಗಿನಲ್ಲಿ ಆಡಿಕೊಳ್ಳುವುದು ಕೇಳಿಸಿತು: "ಮುನೆಪ್ಪ ಪಾತದಿ ವೇಸಿ ಕೊತ್ತದಿ ಅಂಟಾಡಂಟ." ಹಳೇದು ಹಾಕಿ ಹೊಸದು ಅನ್ನುತ್ತಾನಂತೆ. ಸ್ಕೂಲ್ ವ್ಯಾನುಗಳು ಬೇರೆ ಶೆಡ್ಡಿಗೆ ಹೋದವು ಎಂದೂ ತಿಳಿಯಿತು. ನನ್ನ ಕಿವಿ ಚುರುಕು ಎಂದು ಎಲ್ಲರೂ ಹೊಗಳುತ್ತಾರೆ. ಆ ದಿನ ಅದು ಬೇಡವಾಗಿತ್ತು. ಸೊಪ್ಪಿಗೆ ದುಡ್ಡು ಕೊಟ್ಟು ಸೊಪ್ಪು ಅಲ್ಲೇ ಬಿಟ್ಟು ಬಂದೆ.

ನಟರಾಜನಿಗೆ ಎಲ್ಲ ಹೇಳಿದೆ. ಅವನು ಊಟದ ತಟ್ಟೆಯಿಂದ ಕೈ ಎತ್ತಿದ.

"ಈಗ ಹೇಳ್ತಾ ಇದೀಯಲ್ಲಮ್ಮ. ಅಷ್ಟು ಜನರ ಮುಂದೆ ಬೈದು ಬಂದ್ಬುಟ್ಟೆ. ಈಗ ಹೋಗಿ ತಪ್ಪಾಯ್ತು ಅಂದ್ರೆ ನನ್ನ ಮುಖ ಎಲ್ಲಿ ಇಟ್ಕಳ್ಳಿ? ಬುಡು, ಜನ ಮರೀತಾರೆ."

"ನಾನೇ ಹೋಯ್ತೀನಿ," ಅಂದೆ.

"ಹೋದ್ರೆ ಯಾರೂ ಇಲ್ದಾಗ ಹೋಗು."

ಯಾರೂ ಇಲ್ಲದಾಗ ಹೋಗುವುದು ನನಗೂ ಸುಲಭವಿತ್ತು. ಆದರೆ ಸುಳ್ಳನ್ನು ಹಾಗೆ ಆಡಿರಲಿಲ್ಲವಲ್ಲ. ಮರುದಿನ ಹನ್ನೊಂದು ಗಂಟೆಗೆ, ಡ್ರೈವರುಗಳು ಟೀಗೆ ಸೇರುವ ಹೊತ್ತು ನೋಡಿಕೊಂಡು, ಅಟ್ಟದಲ್ಲಿ ಇಟ್ಟಿದ್ದ ಪೇಪರಿನ ಗಂಟು ಹಿಡಿದು ಆಟೋ ಹತ್ತಿದೆ. ಶೆಡ್ಡಿನ ಮುಂದೆ ಇಳಿದೆ. ಮುನೆಪ್ಪ ಬಾನೆಟ್ಟಿನೊಳಗೆ ಬಗ್ಗಿದ್ದ. ಗಂಟು ಬಿಚ್ಚಿ ಬೆಂಚಿನ ಮೇಲಿಟ್ಟೆ.

"ಎಲ್ಲಾರೂ ಕೇಳ್ರಪ್ಪ. ಇದು ಮೊದಲಿನ ಪಂಪು. ಮುನೆಪ್ಪ ಬಿಚ್ಚಿ ನನ್ನ ಕೈಗೇ ಕೊಟ್ಟ. ಹೊಸದನ್ನ ನನ್ನ ಕಣ್ಮುಂದೆ ಹಾಕ್ದ. ಕಾಲು ಟ್ಯಾಂಕು ಇಟ್ಕಳಿ ಅಂತ ಹೇಳ್ದ, ನಾನು ಕೇಳಿಸ್ಕಂಡೆ. ಮಗನಿಗೆ ಹೇಳ್ಲಿಲ್ಲ. ನೆನಪಿಲ್ಲ ಅಂದಿದ್ದು ಸುಳ್ಳು. ನನಗೆ ಮರೆವಿಲ್ಲ ಕಣಪ್ಪ, ಮುನೆಪ್ಪ ನನ್ನ ಮರ್ಯಾದೆ ಉಳಿಸಕ್ಕೆ ಹಂಗಂದ."

ಶ್ರೀರಾಮುಲು ಅನ್ನುವ ವಯಸ್ಸಾದ ಡ್ರೈವರು ಟೀ ಲೋಟ ಕೆಳಗಿಟ್ಟು, "ನಮ್ಮ ಬಂಡಿಗಳೂ ಅಂತಾವೇ ದೊಡ್ಡಮ್ಮ. ಗೌರಿಬಿದನೂರು ಬಂಕಿನ ವಾಸ್ನೆ ಬರೋಗಂಟ ತೊಟ್ಟು ಕುಡಿಯಲ್ಲ," ಅಂದ. ಒಬ್ಬಿಬ್ಬರು ನಕ್ಕರು. ನನಗೆ ನಗು ಬರಲಿಲ್ಲ.

ಮುನೆಪ್ಪ ಒಂದು ಸ್ಟೂಲು ಒರೆಸಿ ನನ್ನ ಮುಂದೆ ಎಳೆದ. "ಕೂತ್ಕಳಿ. ಬಿಸಿಲಲ್ಲಿ ಬಂದಿದೀರಾ."

"ಸ್ಕೂಲ್ ವ್ಯಾನು?" ಎಂದು ಕೇಳಿದೆ.

"ಹೋದ್ವಲ್ಲ. ಬಂದ್ರೆ ಬತ್ತಾವೆ," ಅಂದು ಮತ್ತೆ ಬಾನೆಟ್ಟಿನೊಳಗೆ ಬಗ್ಗಿದ.

ಡ್ರೈವರುಗಳು ಅವನ ಹತ್ತಿರವೇ ಬರುತ್ತಿದ್ದಾರೆ. ವ್ಯಾನುಗಳು ಇನ್ನೂ ಬಂದಿಲ್ಲ. ನಾನು ವ್ಯಾನಿನ ಮೇಸ್ತ್ರಿಯ ಮನೆಗೂ ಹೋಗಿ ಹೇಳಿ ಬಂದೆ, ನೋಡೋಣ ಅಂದ. ನಟರಾಜ ಒಂದು ದಿನ ತಾನಾಗಿ ಶೆಡ್ಡಿಗೆ ಹೋಗಿದ್ದ. ಏನು ಮಾತಾಡಿದ ಎಂದು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆವತ್ತು ಬರುವಾಗ ಹಿಂದೂಪುರದ ಬಂಕಿನಲ್ಲೇ ಅರ್ಧ ಟ್ಯಾಂಕು ಹಾಕಿಸಿಕೊಂಡು ಬಂದಿದ್ದ.

ಮೊನ್ನೆ ಗಾಡಿಯ ಬ್ರೇಕ್ ತೋರಿಸಲು ಹೋದಾಗ ಒಂದು ಹೊಸತು ಕಂಡೆ. ಯಾರದೋ ಪಂಪು ಬದಲಿಸಿದ ಮುನೆಪ್ಪ, ಪೇಪರಿನ ಗಂಟು ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಕಾಲು ಟ್ಯಾಂಕಿನ ಮಾತು ಹೇಳಿದ. ಆಮೇಲೆ, "ನಾನೇನು ಹೇಳ್ದೆ? ಒಂದು ಸಾರಿ ನೀವು ಹೇಳಿ," ಅಂದ. ಆ ಮನುಷ್ಯ ಶಾಲೆಯ ಹುಡುಗನ ಹಾಗೆ ಒಪ್ಪಿಸಿದ. ಈಗ ಎಲ್ಲರ ಹತ್ತಿರವೂ ಹೀಗೆ ಹೇಳಿಸುತ್ತಾನಂತೆ.

ನಮ್ಮ ಬ್ರೇಕ್ ಮುಗಿಸಿ, ಏನೇನು ನೋಡಿಕೊಳ್ಳಬೇಕು ಎಂದು ನನಗೂ ಹೇಳಿದ. ತಿರುಗಿ ಒಪ್ಪಿಸಲು ನಾನು ಬಾಯಿ ತೆರೆದೆ. ನನ್ನನ್ನು ಮಾತ್ರ ಅವನು ಕೇಳಲಿಲ್ಲ. ಕಾರಿನ ಬಾಗಿಲು ತೆಗೆದು ಹಿಡಿದುಕೊಂಡು ನಿಂತ, ನಾನು ಹತ್ತಲಿ ಎಂದು.